ಅಣೆಕಟ್ಟೆಯಿಂದ ಧುಮುಕುವ ನೀರು ಅದರ ಬುಡವನ್ನೇ ಏಕೆ ಕೊರೆದುಹಾಕುವುದಿಲ್ಲ?

ನೀವು ಮಳೆಗಾಲದಲ್ಲಿ ಜಲಾಶಯವೊಂದರ ಗೇಟುಗಳನ್ನು ತೆರೆದಿದ್ದನ್ನು ನೋಡಿ ಬಂದು ಎರಡು ಪ್ರಶ್ನೆ ಕೇಳಿದ್ದೀರಿ. ಅಷ್ಟು ರಭಸದ ನೀರು ಬಿದ್ದರೂ ಕೆಳಗಿನ ನೆಲ ಏಕೆ ಕೊರೆದುಹೋಗುವುದಿಲ್ಲ ಎಂಬುದು ಒಂದು. ಹೆಚ್ಚಾದ ನೀರನ್ನು ಹೊರಗೆ ಬಿಡುವುದರಲ್ಲಿ ವರ್ಷಗಟ್ಟಲೆ ಸಂಶೋಧನೆ ಮಾಡುವಂಥದ್ದು ಏನಿದೆ ಎಂಬುದು ಇನ್ನೊಂದು. ಅಣೆಕಟ್ಟೆಗಳ ಮಾದರಿ ಕಟ್ಟಿ, ಅದರಲ್ಲಿ ನೀರು ಹರಿಸಿ ನೋಡುವ ಪ್ರಯೋಗಾಲಯವೊಂದರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ: ನೆಲ ಕೊರೆದುಹೋಗುತ್ತದೆ. ಎಲ್ಲಿ ಕೊರೆಯಬೇಕು, ಎಷ್ಟು ಕೊರೆಯಬೇಕು ಎಂಬುದನ್ನು ನಾವು ಮೊದಲೇ ನಿರ್ಧರಿಸಿದ್ದರೆ ಅಣೆಕಟ್ಟೆ ಉಳಿಯುತ್ತದೆ. ನಿರ್ಧರಿಸದಿದ್ದರೆ ನೀರೇ ನಿರ್ಧರಿಸುತ್ತದೆ.

ಲೆಕ್ಕ ಹಾಕಿ ನೋಡಿ. 50 ಮೀಟರ್ ಎತ್ತರದಿಂದ ಇಳಿಯುವ ನೀರು, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಿಡಿದರೆ, ಬುಡ ತಲುಪುವಾಗ ಸೆಕೆಂಡಿಗೆ 31 ಮೀಟರ್ ವೇಗದಲ್ಲಿರುತ್ತದೆ. ಅಂದರೆ ಗಂಟೆಗೆ 110 ಕಿಲೋಮೀಟರಿಗೂ ಹೆಚ್ಚು. ಸೆಕೆಂಡಿಗೆ ಒಂದು ಸಾವಿರ ಘನಮೀಟರ್, ಅಂದರೆ ಪತ್ರಿಕೆಗಳ ಭಾಷೆಯಲ್ಲಿ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೀಗೆ ಬೀಳುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 490 ಮೆಗಾವಾಟ್. ಶರಾವತಿ ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಹತ್ತಿರಹತ್ತಿರ ಅದರ ಅರ್ಧ. ವಿದ್ಯುದಾಗಾರದಲ್ಲಿ ಆ ಶಕ್ತಿಯನ್ನು ಟರ್ಬೈನುಗಳು ನುಂಗುತ್ತವೆ. ಹೆಚ್ಚಾದ ನೀರು ಹೊರಬೀಳುವ ಕೋಡಿಯ ಕೆಳಗೆ ಟರ್ಬೈನ್ ಇಲ್ಲ. ನಾವು ಬೇರೆ ಏರ್ಪಾಡು ಮಾಡದಿದ್ದರೆ ಅಲ್ಲಿನ ಬಂಡೆ ಮತ್ತು ಮಣ್ಣೇ ಅದನ್ನು ತಾಳಿಕೊಳ್ಳಬೇಕು.

ಆ ಏರ್ಪಾಡುಗಳಲ್ಲಿ ಬಹಳ ಬಳಕೆಯದು ಜಲಜಿಗಿತ. ನಾಲೆಯಲ್ಲಿ ಒಂದು ಇಳಿಜಾರು ಬಂದಾಗ ನೀರು ತೆಳ್ಳಗೆ, ಗಾಜಿನಂತೆ ಜಾರಿಕೊಂಡು ಹೋಗಿ, ಕೆಳಗೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಎದ್ದು, ನೊರೆಯಾಗಿ ತನ್ನ ಮೇಲೆ ತಾನೇ ಹೊರಳುವುದನ್ನು ನೀವು ಕಂಡಿರಬಹುದು. ಅದೇ ಜಲಜಿಗಿತ. ಆ ಹೊರಳಾಟದಲ್ಲಿ ನೀರು ತನ್ನ ಶಕ್ತಿಯ ಬಹುಪಾಲನ್ನು ತನ್ನೊಳಗೇ ಕಳೆದುಕೊಂಡು ಸಾಧುವಾಗಿ ಮುಂದೆ ಹೋಗುತ್ತದೆ. ಅಣೆಕಟ್ಟೆಯ ಬುಡದಲ್ಲಿ ಕಾಣುವ ಕಾಂಕ್ರೀಟಿನ ದೊಡ್ಡ ತೊಟ್ಟಿ, ಅಂದರೆ ಸ್ಟಿಲಿಂಗ್ ಬೇಸಿನ್, ಇರುವುದು ಈ ಹೊರಳಾಟ ತನ್ನೊಳಗೇ ನಡೆದು ಮುಗಿಯಲಿ ಎಂದು. ಅದರೊಳಗೆ ಹಲ್ಲುಗಳಂತೆ ಎದ್ದುನಿಂತ ದಿಮ್ಮಿಗಳು ಜಿಗಿತವನ್ನು ಹಿಡಿದು ನಿಲ್ಲಿಸುತ್ತವೆ, ತೊಟ್ಟಿಯ ಉದ್ದವನ್ನೂ ಕಡಿಮೆ ಮಾಡುತ್ತವೆ. ಆದರೆ ನೀರಿನ ವೇಗ ಸೆಕೆಂಡಿಗೆ 15–18 ಮೀಟರ್ ದಾಟಿತೆಂದರೆ ಆ ಹಲ್ಲುಗಳೇ ಸವೆದು ಮುರಿಯುತ್ತವೆ. ಎತ್ತರದ ಅಣೆಕಟ್ಟೆಗಳಲ್ಲಿ ಅವುಗಳನ್ನು ಇಡದಿರುವುದು ಅದಕ್ಕೇ.

ಈ ಜಿಗಿತಕ್ಕೆ ಒಂದು ಷರತ್ತಿದೆ, ನನ್ನ ವೃತ್ತಿಯ ಚಿಂತೆಯೆಲ್ಲ ಇಲ್ಲಿಯೇ ಇದೆ. ತೊಟ್ಟಿಯಿಂದ ಕೆಳಗಿನ ನದಿಯಲ್ಲಿ ತಕ್ಕಷ್ಟು ನೀರಿನ ಆಳ ಇರಬೇಕು. ಆಳ ಕಡಿಮೆಯಾದರೆ ಜಿಗಿತ ತೊಟ್ಟಿಯನ್ನು ಬಿಟ್ಟು ಕೆಳಕ್ಕೆ ಸರಿದು, ಕಾಂಕ್ರೀಟ್ ಇಲ್ಲದ ನೆಲದ ಮೇಲೆ ತಾಂಡವವಾಡುತ್ತದೆ. ಆಳ ಹೆಚ್ಚಾದರೆ ರಭಸದ ಧಾರೆ ಮೇಲೇಳದೆ ತಳದ ಉದ್ದಕ್ಕೂ ಚಾಕುವಿನಂತೆ ಹಾಯುತ್ತದೆ. ಅಣೆಕಟ್ಟೆ ಕಟ್ಟಿದ ವರ್ಷ ಅಳೆದ ನದಿಯ ತಳಮಟ್ಟ ಮೂವತ್ತು ವರ್ಷಗಳ ನಂತರ ಹಾಗೆಯೇ ಇರುವುದಿಲ್ಲ. ಮೇಲಿನಿಂದ ಬರುವ ಮರಳು, ಹೂಳು ಜಲಾಶಯದಲ್ಲಿಯೇ ತಂಗುತ್ತದೆ. ಹೊರಬೀಳುವ ತಿಳಿನೀರು ಕೆಳಗಿನ ಮರಳನ್ನು ಹೊತ್ತುಕೊಂಡು ಹೋಗುತ್ತದೆ, ಅದಕ್ಕೆ ಬದಲಿಯಾಗಿ ಹೊಸ ಮರಳು ಬರುವುದಿಲ್ಲ. ಅದರ ಮೇಲೆ ನಾವು ಲಾರಿಗಟ್ಟಲೆ ಮರಳು ತೆಗೆದರೆ ತಳ ಇನ್ನೂ ಬೇಗ ಇಳಿಯುತ್ತದೆ. ತಳ ಇಳಿದರೆ ನೀರಿನ ಮಟ್ಟವೂ ಇಳಿಯುತ್ತದೆ, ಜಿಗಿತ ತೊಟ್ಟಿಯಿಂದ ಜಾರುತ್ತದೆ. ಅಣೆಕಟ್ಟೆ, ಬ್ಯಾರೇಜುಗಳ ಕೆಳಗೆ ಮರಳು ತೆಗೆಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಪರಿಸರದ ಪ್ರಶ್ನೆ ಮಾತ್ರವಲ್ಲ, ಅಡಿಪಾಯದ ಪ್ರಶ್ನೆಯೂ ಹೌದು.

ನೀರನ್ನು ಸ್ಕೀ ಜಿಗಿತದಂತೆ ಗಾಳಿಗೆ ಚಿಮ್ಮಿಸಿ ದೂರದಲ್ಲಿ ಬೀಳಿಸುವ, ಬಕೆಟ್ ಎಂದು ಕರೆಯುವ ಬಾಗಿದ ಕಾಂಕ್ರೀಟ್ ತುಟಿ ಇನ್ನೊಂದು ಉಪಾಯ. ಬಂಡೆ ಗಟ್ಟಿಯಿದ್ದರೆ ಇದು ಅಗ್ಗ. ಆದರೆ ಬೀಳುವ ಜಾಗದಲ್ಲಿ ಗುಂಡಿಯಾಗುತ್ತದೆ. ಜಾಂಬಿಯಾ ಮತ್ತು ಜಿಂಬಾಬ್ವೆಯ ಗಡಿಯಲ್ಲಿರುವ ಕರೀಬಾ ಅಣೆಕಟ್ಟೆಯ ಕೆಳಗೆ, ಗೇಟುಗಳಿಂದ ಚಿಮ್ಮಿದ ನೀರು ಕೆಲವೇ ದಶಕಗಳಲ್ಲಿ ಬಂಡೆಯನ್ನು ಸುಮಾರು 80 ಮೀಟರ್ ಆಳಕ್ಕೆ ಕೊರೆಯಿತು. ಆ ಗುಂಡಿ ಅಣೆಕಟ್ಟೆಯ ಕಡೆಗೆ ಬೆಳೆಯದಿರಲಿ ಎಂದು ಅದರ ಆಕಾರವನ್ನೇ ತಿದ್ದುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು.

ಸಂಶೋಧನೆ ಏನಿದೆ ಎಂದು ಕೇಳಿದಿರಲ್ಲ, ಅದಕ್ಕೆ ಒರೊವಿಲ್‌ಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದ ಈ ಅಣೆಕಟ್ಟೆ 235 ಮೀಟರ್ ಎತ್ತರದ್ದು, ಅಮೆರಿಕದಲ್ಲೇ ಅತ್ಯಂತ ಎತ್ತರದ್ದು. 2017ರ ಫೆಬ್ರವರಿ 7ರಂದು ಅದರ ಮುಖ್ಯ ಕೋಡಿಯ, ಅಂದರೆ ಸ್ಪಿಲ್‌ವೇಯ ಕಾಂಕ್ರೀಟ್ ಜಾರುಹಾದಿಯ ಮಧ್ಯೆ ದೊಡ್ಡ ಗುಂಡಿ ಬಿತ್ತು. ಆಗ ಹರಿಯುತ್ತಿದ್ದುದು ಸುಮಾರು 52 ಸಾವಿರ ಕ್ಯೂಸೆಕ್. ಅದಕ್ಕಿಂತ ಎಷ್ಟೋ ಹೆಚ್ಚಿನ ಪ್ರವಾಹವನ್ನು ಅದೇ ಹಾದಿ ಹಿಂದೆ ಸಾಗಿಸಿತ್ತು. ಹಾಗಿದ್ದರೆ ಒಡೆದದ್ದೇಕೆ? ಹಾಸಿನ ಕೆಳಗೆ ಸೋರಿದ ನೀರನ್ನು ಹೊರಹಾಕಲೆಂದು ಬಸಿಗೊಳವೆಗಳನ್ನು ಹಾಕಿದ್ದರು. ಆ ಕೊಳವೆಗಳು ಕಾಂಕ್ರೀಟಿನ ದಪ್ಪವನ್ನೇ ತಿಂದು ಕೂತಿದ್ದವು. ಕೊಳವೆಯ ಮೇಲೆ ಹಾಸು ತೆಳ್ಳಗಾಗಿ, ಕಟ್ಟಿದ ಹೊಸತರಲ್ಲೇ ಗೆರೆ ಎಳೆದಂತೆ ಬಿರುಕುಗಳು ಕಾಣಿಸಿಕೊಂಡವು. ಬಿರುಕುಗಳನ್ನು ಮತ್ತೆ ಮತ್ತೆ ತೇಪೆ ಹಾಕಿ ಮುಚ್ಚಿದರು.

ಇಲ್ಲಿ ಸ್ವಲ್ಪ ನಿಲ್ಲಿ. ವೇಗವಾಗಿ ಹರಿಯುವ ನೀರಿಗೆ ಬಿರುಕಿನ ಅಥವಾ ಸಂದಿನ ಒಂದು ಅಂಚು ತುಸು ಮೇಲೆದ್ದು ಎದುರಾದರೆ ಸಾಕು, ನೀರು ಅಲ್ಲಿ ಬಡಿದು ನಿಂತು, ವೇಗವೆಲ್ಲ ಒತ್ತಡವಾಗಿ, ಸಂದಿನೊಳಗೆ ನುಗ್ಗುತ್ತದೆ. ಹಾಸಿನ ಮೇಲೆ ಹರಿಯುವ ನೀರು ಈಗ ಹಾಸಿನ ಕೆಳಗೂ ಇದೆ, ಅದೂ ಮೇಲಕ್ಕೆ ಎತ್ತುವ ಒತ್ತಡದೊಡನೆ. ಟನ್ನುಗಟ್ಟಲೆ ತೂಕದ ಕಾಂಕ್ರೀಟ್ ಚಪ್ಪಡಿ ಮುಚ್ಚಳದಂತೆ ಎದ್ದುಹೋಗುತ್ತದೆ. ಅದರಡಿ ಶಿಥಿಲ ಬಂಡೆ ಇದ್ದರೆ ಆಮೇಲಿನದು ಗಂಟೆಗಳ ಮಾತು. ಒರೊವಿಲ್‌ನಲ್ಲಿ ಇದ್ದದ್ದು ಅಂಥದೇ ಬಂಡೆ.

ಮುಖ್ಯ ಹಾದಿ ಹಾಳಾಯಿತೆಂದು ಅಲ್ಲಿ ನೀರು ಬಿಡುವುದನ್ನು ಕಡಿಮೆ ಮಾಡಿದರು. ಜಲಾಶಯ ತುಂಬಿ, ಫೆಬ್ರವರಿ 11ರಂದು ತುರ್ತು ಕೋಡಿಯ ಮೇಲೆ ಹರಿಯಿತು. 1968ರಲ್ಲಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಅದು ಹರಿದದ್ದು ಅದೇ ಮೊದಲು. ಆ ಕೋಡಿಯ ಕೆಳಗೆ ಕಾಂಕ್ರೀಟೇ ಇರಲಿಲ್ಲ, ಬರೀ ಗುಡ್ಡದ ಇಳಿಜಾರು. ಅದಕ್ಕೆ ಹಾಸು ಹಾಕಿ ಎಂದು ಪರಿಸರ ಸಂಘಟನೆಗಳು 2005ರಲ್ಲೇ ಒತ್ತಾಯಿಸಿದ್ದವು, ಯಾರೂ ಕಿವಿಗೊಟ್ಟಿರಲಿಲ್ಲ. ವಿನ್ಯಾಸ ಮಾಡಿದ ಪ್ರಮಾಣದ ಒಂದು ಸಣ್ಣ ಪಾಲಷ್ಟೇ ಹರಿದರೂ ಮರುದಿನದ ಹೊತ್ತಿಗೆ ಕೊರಕಲುಗಳು ಕೋಡಿಯ ಗೋಡೆಯ ಕಡೆಗೆ ನಡೆಯತೊಡಗಿದವು. ಕೆಳಗಿನ ಊರುಗಳಿಂದ 1,80,000ಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿದರು. ಕೊನೆಗೆ, ಒಡೆದ ಮುಖ್ಯ ಹಾದಿಯಲ್ಲಿಯೇ ಒಂದು ಲಕ್ಷ ಕ್ಯೂಸೆಕ್ ಬಿಟ್ಟು ಮಟ್ಟ ಇಳಿಸಬೇಕಾಯಿತು. ದುರಸ್ತಿ ಮತ್ತು ತುರ್ತು ಕೆಲಸಗಳಿಗೆ ತಗುಲಿದ ವೆಚ್ಚ ಸುಮಾರು 110 ಕೋಟಿ ಡಾಲರ್.

ಕೊರಕಲು ನಡೆಯಿತು ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. ನೀರಿನ ಕೊರೆತ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಇಳಿಜಾರಿನ ಬುಡದಲ್ಲಿ ಒಂದು ಸಣ್ಣ ಮೆಟ್ಟಿಲು ಬೀಳುತ್ತದೆ; ಅದರ ಅಡಿ ಟೊಳ್ಳಾಗಿ ಮೇಲಿನ ತುಟಿ ಕುಸಿಯುತ್ತದೆ; ಮೆಟ್ಟಿಲು ಒಂದು ಅಡಿ ಹಿಂದಕ್ಕೆ, ಅಂದರೆ ನೀರು ಬರುವ ದಿಕ್ಕಿಗೆ, ಸರಿಯುತ್ತದೆ. ನಾನು ಇದನ್ನು ಮೊದಲು ಕಂಡದ್ದು ಪ್ರಯೋಗಾಲಯದಲ್ಲಲ್ಲ, ನಮ್ಮೂರ ಕೆರೆಯ ಏರಿಯ ಮೇಲೆ. ನಾನು ಹೈಸ್ಕೂಲಿನಲ್ಲಿದ್ದೆ. ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಯಾರೋ ಕೋಡಿಯ ಮೇಲೆ ಮರಳಿನ ಚೀಲಗಳನ್ನು ಪೇರಿಸಿದ್ದರು. ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಕೋಡಿಗಿಂತ ಏರಿಯೇ ಒಂದು ಕಡೆ ತಗ್ಗಾಗಿ, ನೀರು ಏರಿಯ ಮೇಲೆ ಹಾದು ಇಳಿಯುತ್ತಿತ್ತು, ಎರಡು ಬೆರಳು ದಪ್ಪ ಕೂಡ ಇರಲಿಲ್ಲ. ಹಿಂಬದಿಯ ಹುಲ್ಲು ಮೊದಲು ಬಾಗಿತು, ಆಮೇಲೆ ಬೇರುಸಹಿತ ಕಿತ್ತಿತು, ಬುಡದಲ್ಲಿ ಒಂದು ಬೊಗಸೆಯಷ್ಟು ಗುಂಡಿ. ಆ ಗುಂಡಿ ನಮ್ಮ ಕಣ್ಣೆದುರೇ ಒಂದೊಂದೇ ಗೇಣು ಏರಿಯನ್ನು ಹತ್ತುತ್ತಾ ಬಂತು. ನೀರಗಂಟಿ ಎಲ್ಲರನ್ನೂ ದೂರ ಅಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಏರಿ ಒಡೆದು ಅಚ್ಚುಕಟ್ಟಿನ ಗದ್ದೆಗಳ ಮೇಲೆ ಕಲ್ಲುಮಣ್ಣು ಹರಡಿತ್ತು. ಗುಜರಾತಿನ ಮಚ್ಛು-2 ಅಣೆಕಟ್ಟೆ 1979ರ ಆಗಸ್ಟ್ 11ರಂದು ಒಡೆದು ಮೊರ್ಬಿ ಪಟ್ಟಣ ಕೊಚ್ಚಿಹೋದದ್ದೂ ಹೀಗೆಯೇ: ಬಂದ ಪ್ರವಾಹವನ್ನು ಹೊರಹಾಕಲು ಕೋಡಿ ಸಾಲದೆ, ನೀರು ಎರಡೂ ಬದಿಯ ಮಣ್ಣಿನ ಏರಿಯನ್ನು ಹತ್ತಿ ಇಳಿಯಿತು.

ಈಗ ಪ್ರಯೋಗಾಲಯಕ್ಕೆ ಬನ್ನಿ. ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ 1916ರಲ್ಲಿ ಹುಟ್ಟಿದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾಲಯವಿದೆ, ನಮ್ಮ ಕೃಷ್ಣರಾಜಸಾಗರದಲ್ಲಿಯೂ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಇಂಥ ಕಡೆ ಅಣೆಕಟ್ಟೆಯನ್ನು, ಉದಾಹರಣೆಗೆ, ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುತ್ತೇವೆ. ಉದ್ದ ಐವತ್ತು ಪಟ್ಟು ಕುಗ್ಗಿದರೆ ವೇಗ ಕುಗ್ಗುವುದು ಏಳು ಪಟ್ಟು ಮಾತ್ರ. ನೀರಿನ ಪ್ರಮಾಣವಾದರೋ 17 ಸಾವಿರ ಪಟ್ಟಿಗೂ ಹೆಚ್ಚು. ನದಿಯಲ್ಲಿ ಸೆಕೆಂಡಿಗೆ ಸಾವಿರ ಘನಮೀಟರ್ ಹರಿಯುವುದನ್ನು ನಾವು ಸೆಕೆಂಡಿಗೆ 57 ಲೀಟರಿನಲ್ಲಿ ನೋಡುತ್ತೇವೆ. ಅಲ್ಲಿನ ಒಂದು ಗಂಟೆ ಇಲ್ಲಿ ಎಂಟೂವರೆ ನಿಮಿಷ. ತೊಟ್ಟಿಯ ಕೆಳಗೆ ಜರಡಿ ಹಿಡಿದ ಮರಳು ಹಾಸಿ, ಮಟ್ಟ ಮಾಡಿ, ಪಂಪು ಹಾಕಿ ಕಾಯುವುದು. ನೀರಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟರೆ ನೇರಳೆ ಎಳೆಯೊಂದು ತೊಟ್ಟಿಯ ಕೊನೆಯ ಗೋಡೆಯನ್ನು ಹಾರಿ, ಹಿಂದಿರುಗಿ, ಗೋಡೆಯ ಬುಡದ ಮರಳನ್ನು ತಡವುವುದು ಕಾಣುತ್ತದೆ. ನೀರನ್ನು ನಿಲ್ಲಿಸಿ ಮೆಲ್ಲನೆ ಬಸಿದ ಮೇಲೆ ಮೊನೆಗೇಜು ಎಂಬ ಚೂಪು ತುದಿಯ ಅಳತೆಕಡ್ಡಿಯಿಂದ ಗುಂಡಿಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುತ್ತೇವೆ. ಆ ಕೊನೆಯ ಗೋಡೆಯ ಎತ್ತರವನ್ನು ಒಂದು ಸೆಂಟಿಮೀಟರ್ ಬದಲಿಸಿದರೆ ಗುಂಡಿ ಗೋಡೆಯಿಂದ ಒಂದು ಗೇಣು ದೂರ ಸರಿದದ್ದನ್ನು ನಾನೇ ಅಳೆದಿದ್ದೇನೆ. ಆ ಗೇಣು ನದಿಯಲ್ಲಿ ಹತ್ತು ಮೀಟರ್.

ಮಾದರಿ ಎಲ್ಲವನ್ನೂ ಹೇಳುವುದಿಲ್ಲ. ಗಾಳಿಯ ಗುಳ್ಳೆಗಳನ್ನು ಐವತ್ತು ಪಟ್ಟು ಕುಗ್ಗಿಸಲು ಬರುವುದಿಲ್ಲ, ಬಂಡೆಯ ಬಿರುಕುಗಳನ್ನೂ ಅಷ್ಟೇ. ಅಮೆರಿಕದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯಲ್ಲಿ 1983ರ ಪ್ರವಾಹದಲ್ಲಿ ಸ್ಪಿಲ್‌ವೇ ಸುರಂಗದೊಳಗೆ ನೀರು ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳನ್ನು ದಾಟುವಾಗ ಆವಿಗುಳ್ಳೆಗಳು ಎದ್ದು, ಒಡೆದು, ಕಾಂಕ್ರೀಟನ್ನು ಕಿತ್ತು, ಕೆಳಗಿನ ಮರಳುಗಲ್ಲಿನಲ್ಲಿ ಸುಮಾರು 10 ಮೀಟರ್ ಆಳದ ಗುಂಡಿ ಮಾಡಿದವು. ಪರಿಹಾರ ಆಶ್ಚರ್ಯವಾಗುವಷ್ಟು ಸರಳ: ಸುರಂಗದ ಗೋಡೆಯಲ್ಲಿ ಒಂದು ತೋಡು ಕೊರೆದು ನೀರಿನಡಿಗೆ ಗಾಳಿ ಸೇರುವಂತೆ ಮಾಡಿದರು. ನೀರಿಗೆ ನೂರಕ್ಕೆ ಏಳೆಂಟು ಪಾಲು ಗಾಳಿ ಬೆರೆತರೆ ಗುಳ್ಳೆಯ ಪೆಟ್ಟು ಮೆತ್ತಗಾಗುತ್ತದೆ.

ನಮ್ಮ ನೆಲದ ಒಂದು ಕೆಲಸವನ್ನು ಹೇಳದೆ ಮುಗಿಸಲು ಮನಸ್ಸಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳಿದ್ದವು. ಮೇಲೆ ಗುಮ್ಮಟ, ಒಳಗೆ ಆಲಿಕೆಯಂಥ ಬಾಯಿ, ಅದರ ಮೇಲೆ ಸುರುಳಿಯಾಗಿ ತಿರುಗಿದ ತಗಡುಗೋಡೆಗಳಂಥ ಏಣುಗಳು. ನೀರು ತುಂಬಿದ ಮಟ್ಟ ದಾಟುತ್ತಲೇ ಏಣುಗಳ ನಡುವೆ ಸುತ್ತುತ್ತಾ ಇಳಿದು, ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗಿ, ಕೊಳವೆಯಿಡೀ ತುಂಬಿ ಹರಿಯುತ್ತದೆ. ಮಟ್ಟ ಇಳಿದರೆ ಗಾಳಿ ಒಳನುಗ್ಗಿ ತಾನಾಗಿಯೇ ನಿಲ್ಲುತ್ತದೆ. ಗೇಟಿಲ್ಲ, ಸರಪಳಿಯಿಲ್ಲ, ಮಧ್ಯರಾತ್ರಿ ಎದ್ದು ಹೋಗಬೇಕಾದ ಮನುಷ್ಯನಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನನಗೆ ಮೊದಲು ನೆನಪಾದದ್ದು ಆ ಗುಮ್ಮಟಗಳೇ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಹಿರೇಭಾಸ್ಕರ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಾತ್ರ ಅದು ಹೊರಗೆ ಕಾಣುತ್ತದೆ.

ನೀವು ಮತ್ತೆ ಅಣೆಕಟ್ಟೆ ನೋಡಲು ಹೋಗುವುದಾದರೆ ಗೇಟು ಮುಚ್ಚಿರುವ ಮಾರ್ಚ್, ಏಪ್ರಿಲ್‌ನಲ್ಲಿ, ಅನುಮತಿ ಪಡೆದು ಹೋಗಿ. ತೊಟ್ಟಿಯ ಕೊನೆಯ ಗೋಡೆಯಾಚೆ ನೆಲ ಎಷ್ಟು ತಗ್ಗಾಗಿದೆ ನೋಡಿ. ಸಂದುಗಳ ಮೇಲೆ ಅಂಗೈ ಸವರಿ, ಅಂಚು ಎಲ್ಲಿಯಾದರೂ ತಡೆಯುತ್ತದೆಯೇ ಎಂದು ತಿಳಿದುಕೊಳ್ಳಿ. ಬಸಿಗೊಳವೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಅದನ್ನು ಗಾಜಿನ ಲೋಟದಲ್ಲಿ ಹಿಡಿದು, ಹತ್ತು ನಿಮಿಷ ಅಲುಗಾಡದಂತೆ ಇಟ್ಟು ನೋಡಿ. ನೀರು ತಿಳಿಯಾಗಿದ್ದರೆ ಅದು ಬರೀ ಸೋರಿಕೆ. ಲೋಟದ ತಳದಲ್ಲಿ ಮಣ್ಣು ಕೂತಿದ್ದರೆ ಅಲ್ಲಿನ ಎಂಜಿನಿಯರಿಗೆ ಅಂದೇ ತಿಳಿಸಿ.