ಡಿಸೆಂಬರ್ ರಜೆಯಲ್ಲಿ ಗ್ವಾಟೆಮಾಲಾದ ಮಾಯಾ ಊರುಗಳಿಗೆ ಹೋಗಿ ಗಿಡ ನೆಟ್ಟರೆ, ಪಾಠ ಹೇಳಿದರೆ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ಇಷ್ಟು: ಡಲ್ಲಾಸ್‌ನಲ್ಲಿ ಕೆಲಸ, ಡಿಸೆಂಬರ್‌ನಲ್ಲಿ ಮೂರು ವಾರ ರಜೆ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮಾಯಾ ಮೂಲನಿವಾಸಿಗಳ ಬೆಟ್ಟದ ಹಳ್ಳಿಗಳಲ್ಲಿ ಗಿಡ ನೆಡಬೇಕು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಆಸೆ. ಇದರಿಂದ ಅಲ್ಲಿಯವರಿಗೆ ನಿಜವಾಗಿ ಏನಾದರೂ ಸಿಗುತ್ತಾ, ಇಲ್ಲ ನಮ್ಮ ಸಮಾಧಾನಕ್ಕೆ ಒಂದು ಪ್ರವಾಸ ಆಗುತ್ತಾ?

ಖಂಡಿತ ಹೋಗಿ. ಆದರೆ ಸಾಧ್ಯವಾದರೆ ತಿಂಗಳು ಬದಲಾಯಿಸಿ. ಇಂಗ್ಲಿಷ್ ಪಾಠದ ಯೋಚನೆ ಮಾತ್ರ ಬಿಟ್ಟುಬಿಡಿ.

ನಾನೂ ಅಮೆರಿಕದಲ್ಲೇ ಇದ್ದವನು. ಎರಡು ಕೆಲಸಗಳ ನಡುವೆ ಸಿಕ್ಕ ಬಿಡುವಿನಲ್ಲಿ ಸ್ಪ್ಯಾನಿಷ್ ಕಲಿಯಲು ಗ್ವಾಟೆಮಾಲಾದ ಕೆತ್ಸಾಲ್ತೆನಾಂಗೊ ಊರಿಗೆ ಹೋದೆ. ಆ ಉದ್ದ ಹೆಸರನ್ನು ಅಲ್ಲಿ ಯಾರೂ ಹೇಳಲ್ಲ, ಎಲ್ಲರಿಗೂ ಅದು ಶೆಲಾ. ಊರು ಇರುವುದೇ 2,330 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ. ಮಳೆಗಾಲದಲ್ಲಿ ಅಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮಳೆ. ಹಾಗಾಗಿ ಬೆಳಿಗ್ಗೆ ಹಳ್ಳಿಯ ನರ್ಸರಿ, ಮಧ್ಯಾಹ್ನ ಸ್ಪ್ಯಾನಿಷ್ ಪಾಠ. ಒಂದು ಮಳೆಗಾಲ ಪೂರ್ತಿ ಹೀಗೆ ಕಳೆದೆ. ಆಮೇಲೂ ಹೋಗಿ ಬಂದಿದ್ದೇನೆ.

ಡಿಸೆಂಬರ್ ಯಾಕೆ ಬೇಡ ಅಂದರೆ, ಅಲ್ಲಿ ಮಳೆ ಮೇ ತಿಂಗಳಿಂದ ಅಕ್ಟೋಬರ್ ತನಕ. ಗಿಡ ನೆಡುವುದು ಜೂನ್, ಜುಲೈನಲ್ಲಿ. ಆಗ ನೆಟ್ಟರೆ ಮಳೆ ನಿಲ್ಲುವಷ್ಟರಲ್ಲಿ ಬೇರು ಇಳಿದಿರುತ್ತದೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಎತ್ತರದ ಊರುಗಳಲ್ಲಿ ನೆಲದ ಮೇಲೆ ಮಂಜು ಗಟ್ಟಿಯಾಗಿ ಕೂತಿರುತ್ತದೆ. ಆಗ ಎಳೆ ಸಸಿ ನೆಟ್ಟರೆ ಸುಟ್ಟಂತೆ ಕಪ್ಪಾಗುತ್ತದೆ. ಇನ್ನು ಶಾಲೆ ನಡೆಯುವುದು ಜನವರಿಯಿಂದ ಅಕ್ಟೋಬರ್. ನವೆಂಬರ್, ಡಿಸೆಂಬರ್ ರಜೆ. ಕಾಫಿ ಕೊಯ್ಲಿನ ಕಾಲವೂ ಅದೇ. ಎಷ್ಟೋ ಮನೆಯವರು ಮಕ್ಕಳನ್ನೂ ಕರೆದುಕೊಂಡು ಪೆಸಿಫಿಕ್ ಕಡೆಯ ಇಳಿಜಾರಿನ ತೋಟಗಳಿಗೆ ಕೂಲಿಗೆ ಇಳಿದಿರುತ್ತಾರೆ. ನೀವು ಹೋಗುವ ಹೊತ್ತಿಗೆ ಮಳೆಯೂ ಇರಲ್ಲ, ಮಕ್ಕಳೂ ಇರಲ್ಲ.

ಹೊರಗಿನಿಂದ ಹೋಗುವವರು ಅಲ್ಲಿ ಕಾಡು ಬೆಳೆಸುವುದು ನಾವೇ ಅಂದುಕೊಳ್ಳುತ್ತೇವೆ. ಶೆಲಾದಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ತೊತೊನಿಕಾಪಾನ್‌ಗೆ ಹೋದರೆ ಆ ಭ್ರಮೆ ಇಳಿಯುತ್ತದೆ. ಅಲ್ಲಿನ ಕಿಚೆ ಜನರು (ಮಾಯಾದಲ್ಲೇ ಒಂದು ಪಂಗಡ) 48 ಕಾಂತೋನ್‌ಗಳು, ಅಂದರೆ 48 ಊರುಗಳ ಒಕ್ಕೂಟ, ಎಂಬ ತಮ್ಮದೇ ಆಡಳಿತದ ಮೂಲಕ ಊರೊಟ್ಟಿನ ದೊಡ್ಡ ಕಾಡನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಪ್ರತಿ ಮನೆಯಿಂದ ಸರದಿ ಮೇಲೆ ಒಬ್ಬರು ಒಂದು ವರ್ಷ ಸಂಬಳವಿಲ್ಲದೆ ಸೇವೆ ಮಾಡಬೇಕು. ಕಾಡು ಕಾಯುವುದು, ನೀರಿನ ಸೆಲೆ ನೋಡಿಕೊಳ್ಳುವುದು, ನ್ಯಾಯ ಪಂಚಾಯಿತಿ, ಎಲ್ಲ ಇದರಲ್ಲಿ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಚುನಾವಣೆ ಫಲಿತಾಂಶ ಉಳಿಸಲು ದೇಶದುದ್ದಕ್ಕೂ ರಸ್ತೆ ತಡೆದ ಚಳವಳಿಯ ಮುಂದಾಳುಗಳಲ್ಲಿ ಇವರೂ ಇದ್ದರು. ಇಂಥವರಿಗೆ ಗಿಡ ನೆಡುವುದು ಹೇಗೆ ಅಂತ ಹೇಳಿಕೊಡಲು ನಾವ್ಯಾರು?

ಹಾಗಾದರೆ ಹೊರಗಿನವರ ಅಗತ್ಯ ಎಲ್ಲಿ? ಎಲ್ಲ ಊರುಗಳೂ ತೊತೊನಿಕಾಪಾನ್ ಅಲ್ಲ. 1960ರಿಂದ 1996ರ ತನಕ ನಡೆದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜಿಸಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಜನಾಂಗದವರು. ಊರಿನವರು ನಾಲ್ಕು ಜನ ಸೇರಿ ಸಂಘ ಕಟ್ಟಿದರೂ ಸೈನ್ಯದ ಕಣ್ಣು ಬೀಳುತ್ತಿದ್ದ ಕಾಲ ಅದು. ಶಾಂತಿ ಒಪ್ಪಂದದ ನಂತರವೇ ಸಣ್ಣ ಸಣ್ಣ ಗುಂಪುಗಳಿಗೆ ಧೈರ್ಯ ಬಂದದ್ದು. ಶೆಲಾ ಪಕ್ಕದ ಕಾಂತೆಲ್‌ನ ಪಚಾಹ್ ಹಳ್ಳಿಯಲ್ಲಿರುವ ಚಿಕೋ ಮೆಂಡೆಸ್ ಯೋಜನೆ ಅಂಥದ್ದು. 1988ರಲ್ಲಿ ಕೊಲೆಯಾದ ಬ್ರೆಜಿಲ್‌ನ ರಬ್ಬರ್ ಕಾರ್ಮಿಕ ನಾಯಕನ ಹೆಸರು ಇಟ್ಟುಕೊಂಡಿದ್ದಾರೆ. ನಡೆಸುವವರು ಊರಿನವರೇ. ಸ್ಪ್ಯಾನಿಷ್ ಕಲಿಯಲು ಬರುವ ವಿದೇಶಿಯರು ಕೈ ಜೋಡಿಸುತ್ತಾರೆ.

ಕೆಲಸ ಹೇಗಿರುತ್ತೆ ಅಂತ ಹೇಳುತ್ತೇನೆ. ಫೋಟೋದಲ್ಲಿ ಕಾಣುವ ಗಿಡ ನೆಡುವ ಕೆಲಸ ಬಹಳ ಕಡಿಮೆ. ಜಾಸ್ತಿ ಇರುವುದು ಕಪ್ಪು ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವುದು. ಮಣ್ಣು, ಮರಳು, ಗೊಬ್ಬರ ಜರಡಿ ಹಿಡಿದು ಕಲಸಬೇಕು. ಪೈನ್ ಸಸಿಗಾದರೆ ದೊಡ್ಡ ಪೈನ್ ಮರದ ಬುಡದಿಂದ ಒಂದಿಷ್ಟು ಮಣ್ಣು ತಂದು ಸೇರಿಸುತ್ತಾರೆ. ಅದರಲ್ಲಿರುವ ಶಿಲೀಂಧ್ರ ಬೇರಿಗೆ ಹತ್ತಿಕೊಳ್ಳದಿದ್ದರೆ ಪೈನ್ ಏಳುವುದೇ ಇಲ್ಲ. ನಾನು ಹೋಗುತ್ತಿದ್ದ ನರ್ಸರಿಯನ್ನು ನೋಡಿಕೊಳ್ಳುತ್ತಿದ್ದವರು ಕಿಚೆ ಮಹಿಳೆ, ಮೊಮ್ಮಕ್ಕಳಿರುವವರು. ಎಲ್ಲರೂ ಅವರನ್ನು ಡೋನ್ಯಾ, ಅಂದರೆ ಅಮ್ಮಾವ್ರು, ಎಂದೇ ಕರೆಯುತ್ತಿದ್ದರು. ಸಾಲಾಗಿ ನಿಲ್ಲಿಸಿದ ಚೀಲಗಳ ನಡುವೆ ನಡೆದು ಬರುತ್ತಾ ಒಂದೊಂದನ್ನೂ ಎರಡು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಮೆತ್ತಗಿದ್ದರೆ ಮಾತಿಲ್ಲ, ಚೀಲ ಬುಡಮೇಲು, ಮಣ್ಣು ವಾಪಸ್ ರಾಶಿಗೆ. ಒಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ, ಹೊತ್ತು ಸಾಗಿಸುವಾಗ ಚೀಲ ಕುಸಿಯುತ್ತದೆ. ನಮ್ಮ ಜೊತೆಗಿದ್ದ ಜರ್ಮನ್ ಹುಡುಗನೊಬ್ಬ ನೆಡುವುದು ಯಾವಾಗ ಅಂತ ದಿನಾ ಕೇಳುತ್ತಿದ್ದ. "ಮೊದಲು ಇದನ್ನು ಗಟ್ಟಿಯಾಗಿ ತುಂಬು" ಅನ್ನುವುದೇ ಉತ್ತರ.

ಆಲಿಸೊ ಎಂಬ ಮರ ಬೇಗ ಬೆಳೆಯುತ್ತದೆ, ಎಲೆ ಉದುರಿಸಿ ಮಣ್ಣಿಗೆ ಸಾರಜನಕ ಕೊಡುತ್ತದೆ. ಮೆಕ್ಕೆಜೋಳದ ಹೊಲದ ಬದುವಿಗೆ ರೈತರು ಇಷ್ಟಪಡುವುದು ಇದನ್ನೇ. ಪಿನಾಬೆತೆ ಅದಕ್ಕೆ ತದ್ವಿರುದ್ಧ. ಎತ್ತರದ ಬೆಟ್ಟಗಳಲ್ಲಷ್ಟೇ ಬೆಳೆಯುವ ಫರ್ ಮರ ಅದು. ಬೀಜ ಮೊಳೆಯುವುದೇ ಕಷ್ಟ, ಬೆಳೆಯುವುದು ನಿಧಾನ. ಸಾಲದ್ದಕ್ಕೆ ಕ್ರಿಸ್‌ಮಸ್‌ಗೆ ಅದರ ಪರಿಮಳದ ಕೊಂಬೆ ಎಲ್ಲರಿಗೂ ಬೇಕು. ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿದೆ. ಆದರೂ ವರ್ಷದ ಕೊನೆಗೆ ಕಳ್ಳತನದಲ್ಲಿ ಕಡಿಯುತ್ತಾರೆ. ಡಿಸೆಂಬರ್‌ನಲ್ಲಿ ಹೋದರೆ ಮಾರುಕಟ್ಟೆಯಲ್ಲಿ ನೀವೇ ನೋಡುತ್ತೀರಿ. ಬೆಳೆಸಿದ ಮರಕ್ಕೆ ಗುರುತಿನ ಪಟ್ಟಿ ಕಟ್ಟಿರುತ್ತದೆ, ಇಲ್ಲದ್ದನ್ನು ಮುಟ್ಟಬೇಡಿ.

ನೆಟ್ಟ ಮೇಲೆ ಎರಡು ಮೂರು ವರ್ಷ ಸುತ್ತಲಿನ ಹುಲ್ಲು ಮಚ್ಚಿನಿಂದ ಸವರಬೇಕು, ಕುರಿ ನುಗ್ಗದಂತೆ ಕಾಯಬೇಕು, ಮಾರ್ಚ್, ಏಪ್ರಿಲ್‌ನಲ್ಲಿ ಬೆಂಕಿ ಹಬ್ಬದಂತೆ ಸುತ್ತ ಒಂದು ಪಟ್ಟೆ ಹುಲ್ಲು, ಪೊದೆ ಕಡಿದು ಖಾಲಿ ಬಿಡಬೇಕು. ಆಗ ಅಲ್ಲಿ ಯಾವ ಸ್ವಯಂಸೇವಕನೂ ಇರಲ್ಲ. ವನಮಹೋತ್ಸವಕ್ಕೆ ನೆಟ್ಟ ಸಸಿ ಮುಂದಿನ ಬೇಸಿಗೆಗೆ ಏನಾಗಿರುತ್ತೆ ಅಂತ ನಮ್ಮವರಿಗೆ ಯಾರೂ ಹೇಳಬೇಕಿಲ್ಲ, ಅಲ್ವಾ? ಅಲ್ಲೂ ಅದೇ ಕಥೆ. ಹೆಸರು ಬೇಡ, ಒಂದು ಸಂಸ್ಥೆಯವರು ತೋರಿಸಿದ ಗುಡ್ಡದಲ್ಲಿ ಸಸಿಗಿಂತ ದಾನಿಗಳ ಹೆಸರಿನ ಫಲಕಗಳೇ ಜಾಸ್ತಿ ಕಂಡವು. ಹಾಗಾಗಿ ಯಾವ ಯೋಜನೆ ಸೇರುವ ಮೊದಲೂ ಒಂದೇ ಪ್ರಶ್ನೆ ಕೇಳಿ: ಮಾರ್ಚ್‌ನಲ್ಲಿ ಇಲ್ಲಿ ಯಾರು ಇರುತ್ತಾರೆ, ಅವರಿಗೆ ಸಂಬಳ ಎಲ್ಲಿಂದ? ಎಷ್ಟು ಲಕ್ಷ ಗಿಡ ನೆಟ್ಟಿದ್ದೇವೆ ಅನ್ನುವ ಲೆಕ್ಕದಿಂದ ಏನೂ ಗೊತ್ತಾಗಲ್ಲ.

ಸರ್ಕಾರದ ದುಡ್ಡೂ ಇದೆ. 2010ರ ಪಿನ್‌ಪೆಪ್ ಕಾಯ್ದೆಯಲ್ಲಿ ಪಕ್ಕಾ ಹಕ್ಕುಪತ್ರ ಇಲ್ಲದ ಸಣ್ಣ ಹಿಡುವಳಿದಾರರಿಗೂ ಗಿಡ ಬೆಳೆಸಲು ಪ್ರೋತ್ಸಾಹಧನ ಸಿಗುತ್ತದೆ. ಅರಣ್ಯ ಇಲಾಖೆಯವರು ಬಂದು ನೋಡಿ ಒಪ್ಪಿದ ಮೇಲೆ ಹಣ. ಆದರೆ ಅರ್ಜಿ, ನಕ್ಷೆ, ಊರಾಡಳಿತದ ಪತ್ರ, ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ಅದನ್ನು ತುಂಬಿಸಿಕೊಡುವ ಒಬ್ಬ ಸ್ಥಳೀಯ ಹುಡುಗಿಯ ಸಂಬಳಕ್ಕೆ ನೀವು ತಿಂಗಳಿಗೆ ಸ್ವಲ್ಪ ಕಳಿಸಿದರೆ, ನಿಮ್ಮ ಮೂರು ವಾರದ ಗುದ್ದಲಿ ಕೆಲಸಕ್ಕಿಂತ ಹೆಚ್ಚು ಮರ ನಿಲ್ಲುತ್ತವೆ. ವಿಮಾನದ ಖರ್ಚು ಲೆಕ್ಕ ಹಾಕಿ ನೋಡಿ.

ಒಲೆಯ ವಿಷಯವನ್ನೂ ಮರೆಯಬೇಡಿ. ಆ ದೇಶ ಬಳಸುವ ಒಟ್ಟು ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚು ಸೌದೆಯೇ. ಮೂರು ಕಲ್ಲಿನ ಒಲೆಯ ಬದಲು ಕಬ್ಬಿಣದ ಹಲಗೆ, ಹೊಗೆ ಕೊಳವೆ ಇರುವ ಒಲೆ ಕಟ್ಟಿಕೊಟ್ಟರೆ ಸೌದೆ ಉಳಿಯುತ್ತದೆ, ಅಡುಗೆಮನೆಯಲ್ಲಿ ಕಣ್ಣು ಬಿಡಬಹುದು. 1990ರ ದಶಕದಿಂದ ಚಿಮಾಲ್ತೆನಾಂಗೊ ಕಡೆ, ಮಾಯಾದ ಇನ್ನೊಂದು ಪಂಗಡವಾದ ಕಕ್ಚಿಕೆಲ್ ಜನರ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿರುವ ಆಯಿರೆಸ್ ಸಂಸ್ಥೆ ನರ್ಸರಿ, ಬದುವಿನ ಮರ, ಒಲೆ ಮೂರನ್ನೂ ಒಟ್ಟಿಗೆ ಹಿಡಿದುಕೊಂಡಿದೆ. ನನಗೆ ಸರಿ ಅನಿಸಿದ ದಾರಿ ಅದು.

ಈಗ ಶಾಲೆ. ಗ್ವಾಟೆಮಾಲಾದಲ್ಲಿ 20ಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. 2003ರ ಕಾನೂನು ಅವಕ್ಕೆ ಮಾನ್ಯತೆ ಕೊಟ್ಟಿದೆ. ಮನೆಯಲ್ಲಿ ಕಿಚೆ ಅಥವಾ ಮಾಮ್ ಮಾತಾಡುವ ಮಗು ಶಾಲೆಗೆ ಬಂದು ಸ್ಪ್ಯಾನಿಷ್ ಜೊತೆ ಗುದ್ದಾಡುತ್ತಿರುತ್ತದೆ. ಅದರ ಮೇಲೆ ನಾವು ಹೋಗಿ ಎರಡು ವಾರ ಇಂಗ್ಲಿಷ್ ಹಾಡು ಹೇಳಿಸಿ ಬಂದರೆ ಮಗುವಿಗೆ ಏನು ಬಂತು? ನನಗೆ ನೆನಪಿರುವ ಒಳ್ಳೆಯ ಪಾಠ ನರ್ಸರಿಯಲ್ಲಿ ನಡೆದದ್ದು, ಹೇಳಿದ್ದು ಅದೇ ಊರಿನ ಮೇಷ್ಟ್ರು. ಮಕ್ಕಳು ಸಸಿ ಎಣಿಸಿ ಮಾಯಾ ಅಂಕಿಯಲ್ಲಿ ನೆಲದ ಮೇಲೆ ಬರೆಯಬೇಕು. ಒಂದಕ್ಕೆ ಒಂದು ಬೀಜ, ಐದಕ್ಕೆ ಒಂದು ಕಡ್ಡಿ, ಇಪ್ಪತ್ತಾದರೆ ಮೇಲಿನ ಸಾಲಿಗೆ. ನಾನು ಕಡ್ಡಿ ಆರಿಸಿಕೊಡುವವನು, ಅಷ್ಟೇ. ಒಂದು ಹುಡುಗಿ ನನ್ನ ಲೆಕ್ಕ ತಿದ್ದಿದಳು ಕೂಡ.

ಸ್ವಯಂಸೇವಕರು ಶಾಲೆಗೆ ನಿಜವಾಗಿ ನೆರವಾದ ಉದಾಹರಣೆಗಳೂ ಇವೆ. ಶೆಲಾದ ಕೆತ್ಸಾಲ್‌ಟ್ರೆಕ್ಕರ್ಸ್ 1995ರಿಂದ ಹೀಗೆ ನಡೆಯುತ್ತಿದೆ: ತಿಂಗಳುಗಟ್ಟಲೆ ಉಳಿಯುವ ಸ್ವಯಂಸೇವಕರು ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತಾರೆ, ಲಾಭ ಬಡ ಮಕ್ಕಳ ಶಾಲೆಗೆ ಹೋಗುತ್ತದೆ. ಪಾಠ ಹೇಳುವುದು ಸಂಬಳದ ಸ್ಥಳೀಯ ಶಿಕ್ಷಕರು. ಕೊಮಾಲಾಪಾ ಎಂಬ ಊರಿನಲ್ಲಿ ಹಳೆ ಟೈರಿಗೆ ಮಣ್ಣು ಜಡಿದು ಕಟ್ಟಿದ ಶಾಲೆಯೂ ಇದೆ. ಆ ಮಣ್ಣು ಜಡಿಯುವುದಕ್ಕೆ ಮಾತ್ರ ಹೊರಗಿನ ಕೈಗಳು ಚೆನ್ನಾಗಿ ಆಗುತ್ತವೆ.

ರಜೆ ಬದಲಾಯಿಸಲು ಆಗಲ್ಲ ಅಂದರೆ ಡಿಸೆಂಬರ್‌ನಲ್ಲೇ ಹೋಗಿ, ಸ್ಪ್ಯಾನಿಷ್ ಕಲಿಯಿರಿ. ಶೆಲಾದ ಶಾಲೆಗಳಲ್ಲಿ ಒಬ್ಬರಿಗೆ ಒಬ್ಬ ಶಿಕ್ಷಕಿ, ದಿನಕ್ಕೆ ಸುಮಾರು ಐದು ಗಂಟೆ ಪಾಠ, ಊಟ ವಸತಿ ಯಾವುದಾದರೂ ಮನೆಯಲ್ಲಿ. ಸಸ್ಯಾಹಾರಿ ಅಂದರೆ ಕಪ್ಪು ಬೀನ್ಸ್, ಮೊಟ್ಟೆ, ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ಸಿಗುತ್ತದೆ. ಮೊಟ್ಟೆ ತಿನ್ನದಿದ್ದರೆ ಮೊದಲೇ ಹೇಳಿ. ಬಿಡುವಿದ್ದಾಗ ನರ್ಸರಿಗೆ ಹೋಗಿ ಚೀಲ ತುಂಬಿ. ಕೆತ್ಸಾಲ್‌ಟ್ರೆಕ್ಕರ್ಸ್ ಜೊತೆ 4,220 ಮೀಟರಿನ ತಾಹುಮುಲ್ಕೊ ಬೆಟ್ಟ ಹತ್ತಿ, ಒಣ ಹವೆಯಲ್ಲಿ ಅದಕ್ಕೆ ಡಿಸೆಂಬರ್ ಒಳ್ಳೆಯದೇ. ತುದಿಯಲ್ಲಿ ಬೆಳಗಿನ ಜಾವ ನೀರು ಹೆಪ್ಪುಗಟ್ಟುವ ಚಳಿ, ಒಳ್ಳೆ ಜಾಕೆಟ್ ತೆಗೆದುಕೊಂಡು ಹೋಗಿ. ಭಾರತದ ಪಾಸ್‌ಪೋರ್ಟ್ ಆದರೆ ವೀಸಾ ನಿಯಮವನ್ನು ಗ್ವಾಟೆಮಾಲಾದ ರಾಯಭಾರ ಕಚೇರಿಯಲ್ಲೇ ಕೇಳಿ. ಪ್ರಯಾಣದ ಬ್ಲಾಗ್ ನಂಬಿ ಟಿಕೆಟ್ ಮಾಡಬೇಡಿ, ನಿಯಮ ಆಗಾಗ ಬದಲಾಗುತ್ತಿರುತ್ತದೆ.