ಕಾರಿನ ಗುಂಯ್ ಸದ್ದು: ಟೈರಾ, ವೀಲ್ ಬೇರಿಂಗಾ?

ವೇಗ 60 ಕಿ.ಮೀ. ದಾಟಿದರೆ ನಿಮ್ಮ ಕಾರು ಗುಂಯ್ ಅನ್ನುತ್ತದೆ, ಅಂಗಡಿಯವರು ಟೈರ್ ಬದಲಿಸಿ ಅಂತಾರೆ, ನಿಮಗೆ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಮೇಲೆ ಅನುಮಾನ. ಅಷ್ಟೇ ಅಲ್ವಾ? ಟೈರಿಗೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೀರಿ. ನಾನು ಮುಂದಿನ ಎರಡೂ ಟೈರ್ ಹೊಸದು ಹಾಕಿಸಿ, ಖುಷಿಯಿಂದ ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟವನು. ಊರು ದಾಟಿ ವೇಗ ಹಿಡಿದೆ. ಅದೇ ಸದ್ದು, ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ.

ಮೊದಲು ಕಿವಿಯಿಂದಲೇ ನೋಡಿ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಸದ್ದು ಬರುವಾಗ ಒಂದು ಕ್ಷಣ ನ್ಯೂಟ್ರಲ್ ಮಾಡಿ. ಇಂಜಿನ್ ಸದ್ದು ಇಳಿದರೂ ಗುಂಯ್ ಹಾಗೇ ಇದ್ದರೆ ಅದು ಚಕ್ರದ ಕಡೆಯದ್ದು. ಡಾಂಬರು ಮುಗಿದು ಸಿಮೆಂಟ್ ರಸ್ತೆ ಬಂದಾಗ ಸದ್ದು ಪೂರ್ತಿ ಬದಲಾದರೆ ಟೈರ್ ಇರಬಹುದು. ಬೇರಿಂಗ್ ಸದ್ದು ಬಹುಮಟ್ಟಿಗೆ ಒಂದೇ ತರ, ವೇಗ ಏರಿದ ಹಾಗೆ ಏರುತ್ತದೆ. ಆಮೇಲೆ ಉದ್ದನೆಯ ತಿರುವಿನಲ್ಲಿ ಗಮನಿಸಿ. ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಡೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟ್‌ಕಟ್ ಅಂದರೆ ಅದು ಬೇರೆ ಕಥೆ, ಚಕ್ರ ತಿರುಗಿಸುವ ಆಕ್ಸಲ್‌ನ ಜಾಯಿಂಟ್ ನೋಡಿಸಿ.

ಇನ್ನು ಜಾಕ್. ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು. ಅದರ ಮೇಲೆ ನೇರ ಜಾಕ್ ಇಡಬೇಡಿ, ಕೆಳಗೆ ಟೊಳ್ಳಿದ್ದರೆ ಕಲ್ಲು ಸೀಳುತ್ತದೆ. ನನ್ನದು ಸೀಳಿತ್ತು, ಮನೆಯವರ ಬೈಗುಳ ಬೇರೆ. ದಪ್ಪ ಹಲಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಕಾರಿನ ಕೆಳಗೆ ಮಾತ್ರ ಹೋಗಬೇಡಿ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ 12 ಮತ್ತು 6 ಇರುವ ಕಡೆ ಹಿಡಿದು ಜಗ್ಗಾಡಿಸಿ. ಲಟಲಟ ಅಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ, ಅಂದರೆ ಅಲುಗಾಟ, ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಶನ್‌ಗೆ ಜೋಡಿಸುವ ಕೀಲು) ಕಡೆ ನೋಡಿ. 3 ಮತ್ತು 9ರ ಕಡೆ ಮಾತ್ರ ಆಡಿದರೆ ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರ ತಿರುಗಿಸುವ ಸರಳು) ಮೇಲೆ ಅನುಮಾನ.

ನನ್ನ ಚಕ್ರದಲ್ಲಿ ಆಟವೇ ಇರಲಿಲ್ಲ. ಬೇರಿಂಗ್ ಚೆನ್ನಾಗಿದೆ ಅಂತ ಸುಮ್ನೆ ಬಿಟ್ಟಿದ್ದೆ. ಆಮೇಲೆ ಗ್ಯಾರೇಜಿನ ಮಿಸ್ತ್ರಿ ಗೇರ್ ನ್ಯೂಟ್ರಲ್ ಮಾಡಿ, ಎಡಗಡೆ ಚಕ್ರವನ್ನು ಕೈಯಿಂದ ತಿರುಗಿಸಿ, ನನ್ನ ಬೆರಳನ್ನು ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಇಡಿಸಿದ. "ಬಡಿತದ ಏನ್ರಿ?" ಅಂದ. ಮರಳು ಅರೆದ ಹಾಗೆ ಸಣ್ಣ ಕರಕರ ಬೆರಳಿಗೆ ಬಡಿಯಿತು. ಬಲಗಡೆ ಚಕ್ರದಲ್ಲಿ ಏನೂ ಇಲ್ಲ. ತಮಾಷೆ ಅಂದರೆ ಓಡಿಸುವಾಗ ಸದ್ದು ಬಲಗಡೆಯಿಂದಲೇ ಬಂದ ಹಾಗೆ ನನಗೆ ಕೇಳುತ್ತಿತ್ತು! ಅದಕ್ಕೇ ಎರಡೂ ಕಡೆ ತಿರುಗಿಸಿ ಹೋಲಿಸಿ.

ಬೇರಿಂಗ್ ಹಾಕಿಸುವಾಗ ಒಂದು ಮಾತು. ಅನೇಕ ಸಣ್ಣ ಕಾರುಗಳಲ್ಲಿ ಮುಂದಿನ ಬೇರಿಂಗನ್ನು ಪ್ರೆಸ್ ಯಂತ್ರದಿಂದಲೇ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಗುಂಡು ಓಡುವ ದಾರಿಗೇ ಪೆಟ್ಟು ಬಿದ್ದು, ಹೊಸ ಬೇರಿಂಗೂ ಬೇಗ ಗುಂಯ್ ಅನ್ನುತ್ತದೆ. ಪ್ರೆಸ್ ಇದೆಯಾ ಅಂತ ಮೊದಲೇ ಕೇಳಿ. ಬರೀ ಸದ್ದಿದ್ದರೆ ನಿಧಾನವಾಗಿ ಗ್ಯಾರೇಜ್‌ವರೆಗೆ ಹೋಗಿ. ಚಕ್ರ ಆಡುತ್ತಿದ್ದರೆ ಓಡಿಸಲೇಬೇಡಿ, ಮಿಸ್ತ್ರಿಯನ್ನೇ ಮನೆಗೆ ಕರೆಸಿ.