ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ: ಉಕ್ಕಿನ ಹಬ್‌ನ ಅಳತೆಗೇ ಅಲ್ಯೂಮಿನಿಯಂ ಹಬ್ ಮಾಡಬಹುದಾ?

ಪ್ರಶ್ನೆ: ಸರ್, ನನ್ನ ಹತ್ರ ಹಳೇ ಎಂಜಿಬಿ ರೋಡ್‌ಸ್ಟರ್ ಕಾರ್ ಇದೆ, ನಾಲ್ಕು ಸ್ಟಡ್‌ನ ಬೋಲ್ಟ್ ವೀಲ್‌ದು. ಮುಂದಿನ ಎರಡು ಹಬ್‌ನ (ಚಕ್ರ ಕೂರೋ ನಡುಭಾಗ) ನಾನೇ ಲೇತ್‌ನಲ್ಲಿ 7075 ಅಲ್ಯೂಮಿನಿಯಂನಲ್ಲಿ ಮಾಡ್ಕೋಬೇಕು ಅಂತಿದೀನಿ. ಹಳೇ ಹಬ್ ಬಿಚ್ಚಿ ಪೂರ್ತಿ ಅಳತೆ ತಗೊಂಡು ಡ್ರಾಯಿಂಗೂ ಹಾಕಿ ಆಗಿದೆ. 7075 ಉಕ್ಕಿನಷ್ಟೇ ಸ್ಟ್ರಾಂಗ್ ಅಂತಾರಲ್ಲ, ಹಾಗಾದ್ರೆ ಅದೇ ಅಳತೆಗೆ ಟರ್ನ್ ಮಾಡಿದ್ರೆ ಸಾಕಲ್ವಾ?

ಉತ್ತರ: ಸಾಲಲ್ಲ. ಡ್ರಾಯಿಂಗ್ ಹಾಕಿದ್ದು ಒಳ್ಳೇದೇ, ಆದ್ರೆ ಅದು ಉಕ್ಕಿನ ಡ್ರಾಯಿಂಗು. 7075-ಟಿ6 (ಶಾಖ ಕೊಟ್ಟು ಗಟ್ಟಿ ಮಾಡಿದ 7075) ಸುಮಾರು 570 ಮೆಗಾಪಾಸ್ಕಲ್ ತನಕ ಎಳೆತ ತಡೆಯತ್ತೆ, ಸಾಮಾನ್ಯ ಮೈಲ್ಡ್ ಸ್ಟೀಲ್‌ಗಿಂತ ಜಾಸ್ತಿನೇ, ಅಲ್ಲಿವರೆಗೆ ನೀವು ಹೇಳಿದ್ದು ಸರಿ. ಆದ್ರೆ ಮುರಿಯೋದು ಬೇರೆ, ಬಳುಕೋದು ಬೇರೆ. ಅಲ್ಯೂಮಿನಿಯಂ ಯಾವ ಗ್ರೇಡೇ ಆಗ್ಲಿ, ಅಷ್ಟೇ ಭಾರಕ್ಕೆ ಉಕ್ಕಿನ ಮೂರರಷ್ಟು ಬಳುಕತ್ತೆ, ಅದರ ಇಲಾಸ್ಟಿಕ್ ಮಾಡ್ಯುಲಸ್ 70 ಗಿಗಾಪಾಸ್ಕಲ್ ಆಸುಪಾಸು, ಉಕ್ಕಿಂದು 205ರ ಹತ್ರ. ತಿರುವಲ್ಲಿ ಹಬ್‌ನ ಫ್ಲ್ಯಾಂಜ್ (ಚಕ್ರ, ಡಿಸ್ಕ್ ಬೋಲ್ಟ್ ಆಗೋ ಅಗಲ ಅಂಚು) ಬಳುಕಿದ್ರೆ ಅದಕ್ಕೆ ಕಚ್ಚಿಕೊಂಡಿರೋ ಡಿಸ್ಕೂ ಓಲಾಡತ್ತೆ, ಡಿಸ್ಕ್ ಪ್ಯಾಡ್‌ನ ಹಿಂದಕ್ಕೆ ತಳ್ಳತ್ತೆ, ಆಮೇಲೆ ಬ್ರೇಕ್ ಪೆಡಲ್ ತುಳಿದ್ರೆ ಮೊದಲರ್ಧ ಖಾಲಿ ಖಾಲಿ ಹೋಗತ್ತೆ, ನೀವು ಬ್ರೇಕ್‌ನಲ್ಲಿ ಗಾಳಿ ಇದೆ ಅಂತ ಬ್ಲೀಡ್ ಮಾಡ್ತಾ ಕೂತಿರ್ತೀರ. ನಾನೂ ಕೂತಿದ್ದೆ, ಅದಕ್ಕೇ ಹೇಳ್ತಿರೋದು.

ಇದಕ್ಕೆ ದಾರಿ ದಪ್ಪ ಜಾಸ್ತಿ ಮಾಡೋದು. ಬಾಗೋ ವಿಷ್ಯದಲ್ಲಿ ದಪ್ಪದ ಘನ ಲೆಕ್ಕಕ್ಕೆ ಬರೋದ್ರಿಂದ ಮೂರು ಪಟ್ಟು ಬೇಕಿಲ್ಲ, ಸುಮಾರು 1.44 ಪಟ್ಟು ಸಾಕು, ಅಂದ್ರೆ ಉಕ್ಕಲ್ಲಿ 10 ಎಂಎಂ ಇದ್ದ ಫ್ಲ್ಯಾಂಜ್ ಅಲ್ಯೂಮಿನಿಯಂನಲ್ಲಿ ಹದಿನಾಲ್ಕೂವರೆ. ಇಷ್ಟು ದಪ್ಪ ಮಾಡಿದ ಮೇಲೂ ಫ್ಲ್ಯಾಂಜಿನ ತೂಕ ಉಕ್ಕಿನ ಅರ್ಧಕ್ಕೆ ಬರತ್ತೆ. ಮೂರನೇ ಒಂದು ಭಾಗಕ್ಕೆ ಇಳಿಯತ್ತೆ ಅಂತ ಲೆಕ್ಕ ಹಾಕಿದ್ರೆ ಮರೆತುಬಿಡಿ. ಈಗ ಆ ಜಾಸ್ತಿ ನಾಲ್ಕೂವರೆ ಎಂಎಂ ಯಾವ ಕಡೆ ಹೋಗ್ಬೇಕು? ಒಳಗಡೆ ಬೆಳೆಸಿದ್ರೆ ಡಿಸ್ಕ್ ಕ್ಯಾಲಿಪರ್ ಮಧ್ಯದಿಂದ ಸರಿಯತ್ತೆ. ಹೊರಗಡೆ ಬೆಳೆಸಿ, ಚಕ್ರ ಅಷ್ಟು ಆಚೆ ಬರತ್ತೆ, ಮಡ್‌ಗಾರ್ಡ್‌ಗೆ ತಾಗಲ್ಲ ಅಂತ ನೋಡ್ಕೊಳ್ಳಿ, ಸ್ಟಡ್ಡೂ ಅಷ್ಟು ಉದ್ದದ್ದೇ ತರ್ಸಿ. ನಿಮ್ಮ ಗಾಡಿ ಸ್ಟಡ್ ಸರ್ಕಲ್ (ಸ್ಟಡ್‌ಗಳು ಕೂರೋ ವೃತ್ತದ ವ್ಯಾಸ) 114.3 ಎಂಎಂ, ಅದೊಂದು ಮಾತ್ರ ಹಳೇ ಡ್ರಾಯಿಂಗಿಂದ ಕಣ್ಮುಚ್ಚಿ ತಗೋಬಹುದು.

ಇನ್ನು ಬೇರಿಂಗ್ ಬೋರು, ಅಂದ್ರೆ ಬೇರಿಂಗ್ ಕೂರೋ ತೂತು. ಜನ ಎಡವೋದು ಇಲ್ಲೇ. ಮುಂದಿನ ಚಕ್ರದಲ್ಲಿ ಬೇರಿಂಗ್‌ನ ಹೊರ ರೇಸ್ (ಹೊರಗಿನ ಉಕ್ಕಿನ ಬಳೆ) ಹಬ್ ಜೊತೆಗೇ ತಿರುಗತ್ತೆ, ಹಾಗಾಗಿ ಅದು ಬಿಗಿಯಾಗಿ ಕೂತಿರ್ಲೇಬೇಕು, ಸಡಿಲ ಆದ್ರೆ ಬೋರ್ ಒಳಗೇ ತಿರುಗಿ ಅಲ್ಯೂಮಿನಿಯಂನ ತಿಂದು ಹಾಕತ್ತೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗತ್ತೆ. 50 ಎಂಎಂ ರೇಸ್ ಅಂದ್ಕೊಳ್ಳಿ, ಹಬ್ 20 ಡಿಗ್ರಿಯಿಂದ 90ಕ್ಕೆ ಕಾದ್ರೆ (ಪಕ್ಕದಲ್ಲೇ ಬ್ರೇಕ್ ಇದೆಯಲ್ಲ, ಅಷ್ಟು ಕಾಯೋದು ದೊಡ್ಡ ಮಾತಲ್ಲ) ಸುಮಾರು 38 ಮೈಕ್ರಾನ್ ಬಿಗಿ ಹೊರಟೋಗತ್ತೆ. ಬಿಗಿ ಅಂದ್ರೆ ಬೋರ್‌ಗಿಂತ ರೇಸ್ ಎಷ್ಟು ದೊಡ್ಡದು ಅನ್ನೋದು, ಮೈಕ್ರಾನ್ ಅಂದ್ರೆ ಎಂಎಂನ ಸಾವಿರದ ಒಂದು ಪಾಲು. ಹಳೇ ಹಬ್‌ನಲ್ಲಿ 30 ಮೈಕ್ರಾನ್ ಬಿಗಿ ಇತ್ತು ಅಂತ ಹೊಸದಕ್ಕೂ ಅಷ್ಟೇ ಕೊಟ್ರೆ ಉದ್ದ ಇಳಿಜಾರಿನ ಕೊನೆಗೆ ರೇಸ್ ಲೊಳಲೊಳ ಅನ್ನತ್ತೆ. ನಾನು ಇಟ್ಕೊಂಡಿರೋ ಲೆಕ್ಕ ವ್ಯಾಸದ ಒಂದು ಎಂಎಂಗೆ ಒಂದು ಮೈಕ್ರಾನ್, ಅಂದ್ರೆ 50ಕ್ಕೆ 50.

ಇಷ್ಟು ಬಿಗೀನ ಪ್ರೆಸ್‌ನಲ್ಲಿ ತಳ್ಳಕ್ಕೆ ಹೋಗ್ಬೇಡಿ, ಬೋರ್ ಗೀಚಿ ಹೋಗತ್ತೆ. ರೇಸ್‌ನ ರಾತ್ರಿ ಫ್ರೀಜರ್‌ನಲ್ಲಿಟ್ಟು ಹಬ್‌ನ 100 ಡಿಗ್ರಿಗೆ ಬಿಸಿ ಮಾಡಿದ್ರೆ ಎರಡರ ನಡುವೆ ನೂರು ಮೈಕ್ರಾನ್‌ಗಿಂತ ಜಾಸ್ತಿ ವ್ಯತ್ಯಾಸ ಸಿಗತ್ತೆ, ಕೈಲಿ ಬಿಟ್ರೆ ಟಕ್ ಅಂತ ಕೂರತ್ತೆ. ಆದ್ರೆ ಗ್ಯಾಸ್ ಟಾರ್ಚ್ ಮಾತ್ರ ಬೇಡ. 7075-ಟಿ6ಗೆ ಗಟ್ಟಿತನ ಬಂದಿರೋದೇ 120 ಡಿಗ್ರಿ ಹತ್ರ ಗಂಟೆಗಟ್ಟಲೆ ಇಟ್ಟಿದ್ರಿಂದ, ಅದರ ಮೇಲೆ ಕಾಯಿಸ್ತಾ ಹೋದ್ರೆ ನೀವು ದುಡ್ಡು ಕೊಟ್ಟು ತಂದ ಗಟ್ಟಿತನನ ನೀವೇ ಇಳಿಸಿದಂಗೆ. ಬ್ರೇಕ್ ವಿಪರೀತ ಬಳಸೋ ಗಾಡಿ ಆದ್ರೆ ಇದೇ ಕಾರಣಕ್ಕೆ ನಾನು 7075 ಬಿಟ್ಟು 2014-ಟಿ6 ತಗೋತೀನಿ, ಬಿಸಿಗೆ ಅದು ಸ್ವಲ್ಪ ತಡೆಯತ್ತೆ, ತುಕ್ಕಿನ ವಿಷ್ಯದಲ್ಲಿ ಮಾತ್ರ ಅಷ್ಟಕ್ಕಷ್ಟೆ.

ಲೇತ್ ಕೆಲಸ ದೊಡ್ಡ ಕಷ್ಟ ಏನಿಲ್ಲ. ಚೂಪಾದ, ಪಾಲಿಶ್ ಇರೋ ಕಾರ್ಬೈಡ್ ಇನ್ಸರ್ಟ್ ಹಾಕಿ, ಉಕ್ಕಿಗೆ ಬಳಸೋ ಕೋಟಿಂಗ್ ಇನ್ಸರ್ಟ್‌ಗೆ ಅಲ್ಯೂಮಿನಿಯಂ ಅಂಟ್ಕೊಳ್ಳತ್ತೆ, 100 ಎಂಎಂ ಜಾಬ್‌ಗೆ 1000 ಆರ್‌ಪಿಎಂ ಆರಾಮಾಗಿ ಓಡತ್ತೆ, ಸೀಮೆಎಣ್ಣೆ ಸವರ್ತಾ ಇರಿ. ಎಲ್ಲಾ ಕಡೆ ಒಂದು ಎಂಎಂ ಬಿಟ್ಟು ರಫ್ ಮಾಡಿ ಒಂದಿನ ಹಾಗೇ ಇಟ್ಬಿಡಿ, ಒಳಗಿನ ಸ್ಟ್ರೆಸ್ ಬಿಟ್ಕೊಂಡು ಎಷ್ಟು ಸೊಟ್ಟ ಆಗ್ಬೇಕೋ ಆಗ್ಲಿ, ಆಮೇಲೆ ಫಿನಿಶ್. ಎರಡೂ ಬೇರಿಂಗ್ ಬೋರು ಒಂದೇ ಸೆಟ್ಟಿಂಗ್‌ನಲ್ಲಿ ಮುಗೀಬೇಕು. ತಿರುಗ್ಸಿ ಹಿಡಿದು ಎರಡನೇ ಬೋರ್ ಮಾಡ್ತೀನಿ ಅಂದ್ರೆ ಡಯಲ್ ಎಷ್ಟು ನೋಡಿದ್ರೂ ಎಲ್ಲೋ ಒಂದು ಕಡೆ ತಪ್ಪಿರತ್ತೆ. ಆಗ್ಲೇಬೇಕು ಅಂದ್ರೆ ಮೊದಲ ಬೋರ್‌ಗೆ ಸರಿಯಾಗಿ ಕೂರೋ ಮ್ಯಾಂಡ್ರೆಲ್ (ಜಾಬ್ ಹಿಡಿಯೋ ದಂಡ) ಮಾಡ್ಕೊಂಡು ಅದರ ಮೇಲೆ ಹಿಡೀರಿ. ಕೊನೇ ಕಟ್ ಆದ ತಕ್ಷಣ ಅಳೀಬೇಡಿ, ಜಾಬ್ ಬರೀ 20 ಡಿಗ್ರಿ ಬೆಚ್ಚಗಿದ್ರೂ 50 ಎಂಎಂ ಬೋರ್ 23 ಮೈಕ್ರಾನ್ ದೊಡ್ಡದು ತೋರ್ಸತ್ತೆ, ಸರಿ ಇದೆ ಅಂತ ಬಿಚ್ಚಿಟ್ಟು ಟೀ ಕುಡ್ದು ಬರೋಷ್ಟ್ರಲ್ಲಿ ಅದು ಚಿಕ್ಕದಾಗಿರತ್ತೆ.

ಫ್ಲ್ಯಾಂಜ್ ಬುಡದಲ್ಲಿ ಚೂಪು ಮೂಲೆ ಬಿಡ್ಬೇಡಿ, ಕನಿಷ್ಠ 3 ಎಂಎಂ ರೇಡಿಯಸ್, ಟೂಲ್ ಗೀರು ಹೋಗೋವರೆಗೆ ಎಮರಿ ಹೊಡೀರಿ. ಕ್ರ್ಯಾಕ್ ಹುಟ್ಟೋದು ಅಲ್ಲಿಂದ್ಲೇ. ಉಕ್ಕಿಗೆ ಒಂದು ಮಟ್ಟಕ್ಕಿಂತ ಕಡಿಮೆ ಲೋಡ್ ಇದ್ರೆ ಎಷ್ಟು ಸುತ್ತಾದ್ರೂ ದಣಿಯಲ್ಲ, ಅಲ್ಯೂಮಿನಿಯಂಗೆ ಆ ಪುಣ್ಯ ಇಲ್ಲ, ಸಣ್ಣ ಲೋಡೂ ಲೆಕ್ಕಕ್ಕೆ ಸೇರ್ತಾ ಹೋಗತ್ತೆ. ಆದ್ದರಿಂದ ಪ್ರತಿ ಸಲ ಬೇರಿಂಗ್ ಗ್ರೀಸ್ ಬದಲಾಯ್ಸುವಾಗ ಡೈ ಪೆನಿಟ್ರೆಂಟ್ (ಬಿರುಕು ತೋರ್ಸೋ ಬಣ್ಣದ ದ್ರವ) ಹಾಕಿ ಆ ಜಾಗ ನೋಡಿ. ಕೂರಿಸಿದ ಮೇಲೆ ಫ್ಲ್ಯಾಂಜ್ ಮುಖದಲ್ಲಿ ಡಯಲ್ ಇಟ್ಟು ತಿರುಗ್ಸಿ, ಓಲಾಟ 0.05 ಎಂಎಂ ದಾಟಬಾರ್ದು. ಬೇರಿಂಗ್ ಎಂಡ್ ಫ್ಲೋಟ್ (ಹಬ್ ಒಳಗೆ-ಹೊರಗೆ ಆಡೋ ಜಾಗ) 0.05ರಿಂದ 0.10 ಎಂಎಂ, ಶಿಮ್ಮಲ್ಲಿ (ತೆಳು ವಾಷರ್) ಹೊಂದಿಸೋದು, ಹಬ್ ಪೂರ್ತಿ ತಣ್ಣಗಾದ ಮೇಲೆ. ಹಳೇ ಶಿಮ್ ಹಾಗೇ ಹಾಕಿ ಬಿಗಿದ್ರೆ ನಡೆಯಲ್ಲ, ಹೊಸದಾಗಿ ಅಳೀರಿ.

ಪ್ರಶ್ನೆ: ಮಾಡಿದ ಅಲ್ಯೂಮಿನಿಯಂ ಹಬ್‌ಗೆ ಹಾರ್ಡ್ ಅನೋಡೈಜಿಂಗ್ (ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ) ಮಾಡ್ಸಿದೆ, ಕಪ್ಪಗೆ ಚೆನ್ನಾಗಿ ಕಾಣ್ತಿದೆ, ಆದ್ರೆ ಈಗ ರೇಸ್ ಒಳಗೇ ಹೋಗ್ತಿಲ್ಲ. ಬೋರ್‌ನ ಸ್ವಲ್ಪ ಉಜ್ಜಿ ಕೂರಿಸ್ಲಾ?

ಉತ್ತರ: ಪದರ ಬರದ ಹಾಗೆ ಬೋರ್‌ಗೆ ಮಾಸ್ಕ್ ಹಾಕಿಸಿಲ್ಲ ಅಂತಾಯ್ತು. 50 ಮೈಕ್ರಾನ್ ಪದರ ಅಂದ್ರೆ ಅರ್ಧ ಲೋಹದೊಳಗೆ, ಅರ್ಧ ಹೊರಗೆ ಬೆಳೆದಿರತ್ತೆ, ಎರಡು ಕಡೆದು ಸೇರಿ ಬೋರ್ ವ್ಯಾಸ 50 ಮೈಕ್ರಾನ್ ಕಮ್ಮಿ. ಮೇಲೆ ಹೇಳಿದ ಬಿಗಿ ಡಬಲ್ ಆಯ್ತಲ್ಲ. ಎಮರಿಯಲ್ಲಿ ಉಜ್ಜಿದ್ರೆ ಬೋರ್ ದುಂಡಗೆ ಉಳಿಯಲ್ಲ, ಆ ಪದರ ಅಷ್ಟು ಸುಲಭಕ್ಕೆ ಸವೆಯೋದೂ ಇಲ್ಲ. ಹೋನಿಂಗ್ ಮಾಡ್ಸಿ, ಇಲ್ಲಾ ಡಯಲ್‌ಗೆ ಹಿಡಿದು ಮತ್ತೆ ಬೋರ್ ಮಾಡಿ. ಇನ್ನೊಂದು, ಆ ಗಾಜಿನಂಥ ಪದರದಲ್ಲೇ ಸಣ್ಣ ಬಿರುಕು ಶುರುವಾಗಿ ಒಳಗಿನ ಲೋಹಕ್ಕೆ ಇಳಿಯೋದ್ರಿಂದ ದಣಿವು ತಡೆಯೋ ಶಕ್ತಿ ಕಮ್ಮಿ ಆಗತ್ತೆ. ಅಂದಕ್ಕೆ ಅಂತಾದ್ರೆ ಮುಂದಿನ ಸಲ ತೆಳು ಅನೋಡೈಜಿಂಗ್ ಸಾಕು.

ಪ್ರಶ್ನೆ: ಕಡ್ಡಿ ಚಕ್ರದ ಗಾಡಿ. ಮುಂದಕ್ಕೆ ಹೊರಟಾಗ ಒಂದು ಸಲ, ರಿವರ್ಸ್ ಹಾಕಿದಾಗ ಒಂದು ಸಲ ಟಿಕ್ ಅನ್ನತ್ತೆ. ಸ್ಪ್ಲೈನ್ ಹಬ್‌ನೂ (ಚಕ್ರ ಕಚ್ಚಿಕೊಳ್ಳೋ ಹಲ್ಲು ಇರೋದು) ಅಲ್ಯೂಮಿನಿಯಂನಲ್ಲೇ ಮಾಡ್ಬಹುದಾ?

ಉತ್ತರ: ಬೇಡ. ಟಿಕ್ ಅಂದ್ರೆ ಹೆಚ್ಚಾಗಿ ಸ್ಪ್ಲೈನ್ ಹಲ್ಲು ಸವೆದಿದೆ ಅಂತ, ಉಕ್ಕೇ ಸವೆಯೋ ಜಾಗದಲ್ಲಿ ಅಲ್ಯೂಮಿನಿಯಂ ಏನು ಬಾಳತ್ತೆ. ಉಕ್ಕಿನ ಹೊಸ ಹಬ್ ಹಾಕಿ, ಜೊತೆಗೆ ಆ ಚಕ್ರನೂ ನೋಡಿ, ಸವೆದ ಚಕ್ರ ಹೊಸ ಹಬ್‌ನ ಬೇಗ ಹಾಳು ಮಾಡತ್ತೆ. ಎಡ, ಬಲ ಅದಲು ಬದಲು ಮಾಡ್ಕೋಬೇಡಿ, ಬಲಗಡೆ ಚಕ್ರ ಹಿಡಿಯೋ ನಡುವಿನ ನಟ್ಟು ಉಲ್ಟಾ ಥ್ರೆಡ್ಡು.